ಹೆಂಚು ತೆಗೆದರು, ಅಷ್ಟೇ

ಹಿಂದವಾಡಿ, ಬೆಳಗಾವಿ
೨೧ ಮೇ ೨೦೦೧, ಸೋಮವಾರ

ಪ್ರೀತಿಯ ತಮ್ಮ ಜಿನಪಾಲನಿಗೆ ಅಕ್ಕ ಶಾಂತಾಬಾಯಿಯ ಆಶೀರ್ವಾದಗಳು. ಜಯ ಜಿನೇಂದ್ರ.

ನಾವಿಲ್ಲಿ ಕ್ಷೇಮ. ನಿನ್ನ ಮೊಣಕಾಲು ನೋವು ಹೇಗಿದೆ? ನೆಹರು ನಗರದ ಡಾಕ್ಟರು ಕೊಟ್ಟ ಎಣ್ಣೆಯನ್ನು ದಿನಾ ಹಚ್ಚುತ್ತೀಯೋ, ಇಲ್ಲ ಹಚ್ಚಿದೆ ಎಂದು ಸುನಂದಾಳಿಗೆ ಹೇಳಿ ಬಾಟಲಿಯನ್ನು ಕಪಾಟಿನ ಹಿಂದೆ ಇಟ್ಟಿದ್ದೀಯೋ? ಕುನಾಲ ಹತ್ತನೇ ಇಯತ್ತೆಯಲ್ಲಿ ಫಸ್ಟ್ ಕ್ಲಾಸ್ ಬಂದನೆಂದು ಕೇಳಿ ನಿನ್ನ ಭಾವ ಪೇಢೆ ತಂದರು. ನಾನು ಮಾತ್ರ ಮಾರ್ಕ್ಸ್ ಕಾರ್ಡ್ ಕಣ್ಣಾರೆ ನೋಡಿದ ಮೇಲೆಯೇ ತಿನ್ನುತ್ತೇನೆಂದು ನನ್ನ ಪಾಲು ತೆಗೆದಿಟ್ಟಿದ್ದೇನೆ. ಮತ್ತೆ, ನಿಮ್ಮ ಹಿತ್ತಲ ಖೋಲಿಯಲ್ಲಿ ಒಬ್ಬ ಅಜ್ಜಿ ಇದ್ದಳಲ್ಲ? ದೀಪಾವಳಿಗೆ ಬಂದಾಗ ನೀನೇ ಹೇಳಿದ್ದೆ, “ಕೊಲ್ಲಾಪುರದ ಕಡೆ ತಮ್ಮನ ಮನಿಗೆ ಹ್ವಾದಳಕ್ಕಾ, ತಾನ ಹೊಂಟ ನಿಂತಳು” ಎಂದು. ಆಕೆಯ ಸುದ್ದಿ ಏನಾದರೂ ಬಂತೇ? ಸುಮ್ಮನೆ ಕೇಳಿದೆ.

ಫೋನು ಮಾಡಬಹುದಿತ್ತಲ್ಲ, ಪತ್ರ ಯಾಕೆ ಎನ್ನುತ್ತೀಯೇನೋ. ನಿಮ್ಮ ಮನೆಯಲ್ಲಿ ಫೋನು ಎತ್ತಿದರೆ ಒಳಗಿನ ಖೋಲಿಯ ಫೋನೂ ಎತ್ತಿದ ಸಪ್ಪಳ ನನಗೆ ಕೇಳಿಸುತ್ತದೆ. ಯಾರೆಂದು ಹೇಳುವುದಿಲ್ಲ. ಅದಕ್ಕೇ ಈ ಲಕೋಟೆಗೆ ಎರಡು ಸಲ ಅಂಟು ಹಚ್ಚುತ್ತೇನೆ. ನಿನ್ನ ಕೈಗೆ ಬರುವಾಗ ಅಂಚು ಹರಿದಿದ್ದರೆ ನನಗೆ ತಿಳಿಸು. ಈ ಪತ್ರ ಒಬ್ಬ ಹೆಂಗಸಿನ ವಿಷಯ. ಶಾಲೆ ಶುರುವಾಗುವುದರೊಳಗೆ ಅವಳ ತಲೆಯ ಮೇಲೊಂದು ಸೂರು ಆಗಬೇಕು, ಆಗದಿದ್ದರೆ ಈ ಮಳೆಗಾಲವನ್ನು ಅವಳು ಅಂಗಡಿಕಟ್ಟೆಯ ಮೇಲೆ ಕಳೆಯಬೇಕಾಗುತ್ತದೆ. ಈ ಊರಿನ ಮಳೆ ನಿನಗೆ ಗೊತ್ತು. ಮೊದಲಿನಿಂದ ಹೇಳುತ್ತೇನೆ, ನಡುವೆ ಹಾರಿಸದೆ ಓದು.

ಕಳೆದ ಮಳೆಗಾಲದಲ್ಲಿ ನಮ್ಮ ಮಾರ್ಕೆಟ್ಟಿನ ಮೆಟ್ಟಿಲ ಮೇಲೆ ಮಲಗುತ್ತಿದ್ದ ಒಬ್ಬ ಮುದುಕ ಅಲ್ಲೇ ಸತ್ತ. ಬೆಳಿಗ್ಗೆ ಕಾಯಿಪಲ್ಯ ಕೊಳ್ಳಲು ಹೋದವರು ಮಲಗಿದ್ದಾನೆಂದು ದಾಟಿಕೊಂಡು ಹೋದರು. ನಾನೂ ದಾಟಿದೆ, ಕುಡಿದಿದ್ದಾನೆಂದೇ ತಿಳಿದಿದ್ದೆ. ಅದಾದ ಮೇಲೆ ನಮ್ಮ ಮಹಿಳಾ ಮಂಡಳದ ಪ್ರಮಿಳಾ ಟೀಚರಿಗೆ ಸಮಾಧಾನವಿಲ್ಲ. ಬೇಸಿಗೆ ರಜೆ ಮುಗಿಯುವ ತನಕ ತಮ್ಮ ಶಾಲೆಯ ದೊಡ್ಡ ಖೋಲಿಯನ್ನು ಕೇಳಿ ಪಡೆದರು. ಬೀದಿಯಲ್ಲಿ ಮಲಗುವವರನ್ನು ಅಲ್ಲಿ ಇಡುವುದು, ಮಳೆಗೆ ಮೊದಲು ಒಬ್ಬೊಬ್ಬರಿಗೂ ಒಂದು ನೆಲೆ ಹುಡುಕುವುದು. ಊಟ ಹಾಕಿದರೆ ಸಾಕಲ್ಲ ಎಂದು ನಾವೆಲ್ಲ ಅಂದೆವು. ಟೀಚರು ಒಪ್ಪಲಿಲ್ಲ. “ಊಟಾ ಹಾಕೂದು ಸಸಾರ ಐತ್ರಿ. ಇವರು ಮನಿ ಬಿಟ್ಟು ಹೊರಗ್ಯಾಕ ಬಿದ್ದರು, ಅದನ್ನ ಹುಡಕ್ರಿ. ಬುಡಾ ಸಿಕ್ಕರ ತಿರುಗಿ ಮನಿಗೆ ಹಚ್ಚಬಹುದು. ಬೀಳೂಕಿಂತ ಮೊದಲ ಸಿಕ್ಕರಂತೂ ಇನ್ನೂ ಚಲೋ” ಎಂದರು. ಹುಡುಕುವವರು ಯಾರು ಎಂದು ಕೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. “ಶಾಂತಕ್ಕಾರ, ನೀವು ಯಾರನ್ನೂ ನಂಬಂಗಿಲ್ಲ. ಈ ಕೆಲಸಾ ನಿಮಗ ಬರೋಬ್ಬರಿ” ಎಂದರು. ಹೊಗಳಿದರೋ ಬೈದರೋ ಇನ್ನೂ ನನಗೆ ತಿಳಿದಿಲ್ಲ.

ಕೆಲಸ ಮಾತ್ರ ನನಗೆ ಹಿಡಿಸಿತು. ಒಂದೇ ಪ್ರಶ್ನೆಯನ್ನು ಬೆಳಿಗ್ಗೆ ಕೇಳುತ್ತಿದ್ದೆ, ಊಟವಾದ ಮೇಲೆ ಕೇಳುತ್ತಿದ್ದೆ, ಸಂಜೆ ಮನೆಗೆ ಹೊರಡುವ ಮೊದಲು ಮತ್ತೆ ಕೇಳುತ್ತಿದ್ದೆ: “ನಿನ್ನ ಹೊರಗ ಹಾಕಿದವರು ಯಾರು?” ಸುಳ್ಳು ಹೇಳುವವರು ಸಂಜೆಯ ಹೊತ್ತಿಗೆ ತಡವರಿಸುತ್ತಾರೆ. ರಾಯಪ್ಪ ಎಂಬೊಬ್ಬ ಬಂದ. ಕುರಿ ಮಾರಿ ಊರು ಬಿಟ್ಟವನು, ಕಟ್ಟಡದ ಕಾವಲುಗಾರ. ಊರಲ್ಲಿ ಹೆಂಡತಿ ಇದ್ದೂ ಇಲ್ಲಿ ಇನ್ನೊಂದು ಸಂಸಾರ ಹೂಡಿರಬೇಕು ಎಂಬುದು ನನ್ನ ಸಂಶಯ. ಹಾಗೇನೂ ಇರಲಿಲ್ಲ. ಕಟ್ಟಡ ಮುಗಿಯಿತು, ಅವನಿದ್ದ ತಗಡಿನ ಶೆಡ್ಡನ್ನು ಕಿತ್ತರು, ಅವನು ಫುಟ್‌ಪಾತಿಗೆ ಬಂದ. ಮನೆ ಕಾಯ್ದವನಿಗೆ ಮನೆ ಮುಗಿದ ದಿನವೇ ಮನೆ ಹೋಗುತ್ತದೆಂದು ನನಗೇನು ಗೊತ್ತು? ಕಾಂಟ್ರಾಕ್ಟರನ ಬಾಗಿಲಿಗೆ ಹೋಗಿ ಕುಳಿತೆ. ಮುಂದಿನ ಕಟ್ಟಡದ ಶೆಡ್ಡು ಏಳುವ ತನಕ ಹಿಂದಿನದನ್ನು ಕೀಳುವುದಿಲ್ಲ ಎಂದು ಅವನ ತಾಯಿಯ ಎದುರಿಗೇ ಅವನಿಂದ ಮಾತು ತೆಗೆದುಕೊಂಡು ಎದ್ದೆ. ನಿಂಗವ್ವನದು ಇನ್ನೊಂದು ಕಥೆ. ಭಾಂಡೆ ತಿಕ್ಕಿ ಬದುಕುವವಳು. ಮಾಲೀಕ ಅವಳ ಪಾತ್ರೆಗಳನ್ನು ಹೊರಗಿಟ್ಟ ಮಧ್ಯಾಹ್ನವೇ ನಮಗೆ ಸುದ್ದಿ ಬಂತು, ದೀಪ ಹಚ್ಚುವ ಹೊತ್ತಿಗೆ ಪಾತ್ರೆಗಳು ಮತ್ತೆ ಒಳಗೆ ಹೋದವು. ನಾನೇನೂ ಮಾಡಲಿಲ್ಲ. ಓಣಿಯವರೆಲ್ಲ ನೋಡುವಂತೆ ಆ ಪಾತ್ರೆಗಳ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತೆ, ಅಷ್ಟೇ. ಈಗ ನಿಂಗವ್ವನೇ ಶಾಲೆಯಲ್ಲಿ ನಮ್ಮ ಅಡಿಗೆಗೆ ಕೈ ಹಚ್ಚುತ್ತಾಳೆ. “ನಿನಗೆ ಪೋಲೀಸ್ ನೌಕರಿ ಸಿಗಬೇಕಾಗಿತ್ತು, ಹಿಂಡಲಗಾ ಜೈಲು ತುಂಬಿಸುತ್ತಿದ್ದೆ” ಎಂದು ನಿನ್ನ ಭಾವ ನಗುತ್ತಾರೆ. ನಗಲಿ.

ಹೀಗಿರುವಾಗ ಆ ಹೆಂಗಸು ಬಂದಳು. ವಯಸ್ಸು ಅರವತ್ತೈದರ ಮೇಲೆ, ಸಣಕಲು ದೇಹ, ತಲೆಯ ಮೇಲಿನ ಸೆರಗು ಹಣೆಯ ತನಕ. ಹೆಸರು ಲಕ್ಷ್ಮೀ ಎಂದಳು, ಊರು ಸವದತ್ತಿ ಎಂದಳು. ಎರಡೂ ಸುಳ್ಳೆಂದು ನನಗೆ ಆಗಲೇ ಅನಿಸಿತು. ಲಕ್ಷ್ಮೀ ಎಂದು ಕರೆದರೆ ಎರಡನೆಯ ಕರೆಗೆ ತಿರುಗುತ್ತಿದ್ದಳು. ಸವದತ್ತಿಯವರ ಮಾತು ನಾನು ಕೇಳಿಲ್ಲವೇ? ಇವಳ ಕನ್ನಡದಲ್ಲಿ ಮರಾಠಿ ನಿಮ್ಮ ಖಾನಾಪುರದವರಷ್ಟೇ ಬೆರೆತಿತ್ತು. ಯಾರು ಹೊರಗೆ ಹಾಕಿದರೆಂದು ಮೂರು ಹೊತ್ತೂ ಕೇಳಿದೆ. ಮೂರು ಹೊತ್ತೂ ನೆಲ ನೋಡುತ್ತ ಅದೇ ಉತ್ತರ ಕೊಟ್ಟಳು: “ಯಾರೂ ಹಾಕಿಲ್ಲ ರೀ.” ನನ್ನ ಲೆಕ್ಕದಲ್ಲಿ ಇದು ಬಾಯಿಪಾಠ. ನನ್ನ ಕಣ್ಣು ತಪ್ಪಿಸಿ ಅವಳು ಕಂಬದ ಮರೆಗೆ ಹೋಗುವುದನ್ನೂ ನೋಡಿದೆ. ಯಾವ ಮನೆಯಲ್ಲಿ ಏನು ಎತ್ತಿಕೊಂಡು ಬಂದಿದ್ದಾಳೋ ಎಂದು ಪ್ರಮಿಳಾ ಟೀಚರಿಗೆ ಹೇಳಿಯೂಬಿಟ್ಟೆ.

ನಿಂಗವ್ವ ಒಂದು ದಿನ ಬಂದು ನನ್ನ ಕಿವಿಯಲ್ಲಿ ಊದಿದಳು. “ಅಕ್ಕಾರ, ಆ ಲಕ್ಷ್ಮೀ ಅನ್ನಾಕಿ ರಾತ್ರಿ ನಮ್ಮ ಸರತ್ಯಾಗ ಉಣ್ಣಾಕ ಕುಂದ್ರಂಗಿಲ್ಲ ರೀ. ಮುಂಜಾನಿ ಮಾಡಿದ ಚಪಾತಿ ಸೆರಗಿನ್ಯಾಗ ಕಟಗೊಂಡು ಸಂಜಿ ಮುಂದ ಹಿಂದಿನ ಓಣಿಗೆ ಹೋಗತಾಳ. ಮುಂಜಾನೆನೂ ಸೆರಗಿನ್ಯಾಗ ಏನೋ ಮುಚಗೊಂಡು ಅಲ್ಲೇ ಹೋಗತಾಳ.” ಇನ್ನೇನು ಬೇಕು? ಹೊರಗೆ ಯಾರನ್ನೋ ಅಡಗಿಸಿಟ್ಟಿದ್ದಾಳೆ, ಜೈಲಿನಿಂದ ಬಂದ ಮಗನೇ ಇರಬೇಕು ಎಂದು ನಾನು ತೀರ್ಮಾನಿಸಿದೆ. ಮರುದಿನ ಚಹಾ ಕೂಡ ಕುಡಿಯದೆ ಶಾಲೆಗೆ ಹೋದೆ. ಅವಳು ಹೊರಟಳು, ನಾನು ಹಿಂದೆ ಹಿಂದೆ ಗೋಡೆ ಹಿಡಿದು ನಡೆದೆ. ಈ ವಯಸ್ಸಿನಲ್ಲಿ ಬೆಕ್ಕಿನ ಹೆಜ್ಜೆ ಇಡಲು ಹೋಗಿ ಚಪ್ಪಲಿಯ ಉಂಗುಟ ಹರಿಯಿತು. ನಿನ್ನ ಭಾವನಿಗೆ ಹೇಳಬೇಡ.

ಶಾಲೆಯ ಹಿಂದೆ ಒಂದು ಹಳೆಯ ಬಾವಿ ಇದೆ. ಶಾಲೆಯ ಟಾಕಿಗೆ ನೀರು ಏರುವುದು ಅದರಿಂದಲೇ. ಅಲ್ಲಿ ನಿಂತು ಸೆರಗಿನಿಂದ ಅವಳು ಹೊರಗೆ ತೆಗೆದದ್ದು ಒಂದು ತಂಬಿಗೆ. ಅದರ ಕಂಠಕ್ಕೆ ಒಂದು ಹಗ್ಗ, ಬುಡಕ್ಕೆ ಇನ್ನೊಂದು ಸಣ್ಣ ದಾರ. ತಂಬಿಗೆಯನ್ನು ಮೆಲ್ಲಗೆ ನೀರಿನ ತನಕ ಇಳಿಸಿದಳು. ನೀರು ಮುಟ್ಟಿದ ಮೇಲೆ ಬುಡದ ದಾರವನ್ನು ಎಳೆದು ತಂಬಿಗೆಯನ್ನು ಅಲ್ಲೇ ಬೋರಲು ಮಾಡಿದಳು. ಜಿನಪಾಲ, ನೆನಪಿದೆಯೇ? ನೀರು ಸೋಸಿದ ಅರಿವೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಬಂದ ಬಾವಿಗೇ ತಿರುಗಿ ಬಿಡಬೇಕು, ಮೇಲಿನಿಂದ ಸುರಿದರೆ ಪೆಟ್ಟಾಗುತ್ತದೆ ಎಂದು ನಮ್ಮವ್ವ ಹೀಗೆಯೇ ಮಾಡುತ್ತಿದ್ದಳು. ನಾವಿಬ್ಬರೂ ಬಾವಿಕಟ್ಟೆಗೆ ಗದ್ದ ಹಚ್ಚಿ ನೋಡುತ್ತಿದ್ದೆವು, ದಾರ ಎಳೆಯುವ ಸರದಿಗೆ ನೀನು ಅಳುತ್ತಿದ್ದೆ. ನಲ್ಲಿ ಬಂದ ಮೇಲೆ ನಾನೇ ಅದನ್ನು ಬಿಟ್ಟಿದ್ದೇನೆ. ಇವಳು ಬೀದಿಗೆ ಬಿದ್ದ ಮೇಲೂ ಬಿಟ್ಟಿಲ್ಲ. ಸಂಜೆಯ ಚಪಾತಿಯೂ ಅಷ್ಟೇ, ರಾತ್ರಿ ಉಣ್ಣದ ನೇಮಕ್ಕೆ ಹೊತ್ತು ಮುಳುಗುವ ಮೊದಲು ಬಾವಿಕಟ್ಟೆಯ ಮೇಲೆ ಕುಳಿತು ಒಬ್ಬಳೇ ಉಣ್ಣುತ್ತಿದ್ದಳು. ಯಾವ ಕಳ್ಳ ಮಗನೂ ಇರಲಿಲ್ಲ. ಅವಳು ನಮ್ಮವಳು.

ಎದುರಿಗೆ ಹೋಗಿ ನಿಂತೆ. “ಲಕ್ಷ್ಮೀ ಅಲ್ಲ ನೀ. ಯಾರ ಮನ್ಯಾಕಿ? ಬಸದಿಗೆ ಯಾಕ ಬರಲಿಲ್ಲ?” ಎಂದೆ. ಅವಳು ತಂಬಿಗೆಯನ್ನು ಎದೆಗವುಚಿಕೊಂಡು ನಿಂತಳು. ನನ್ನನ್ನು ಮೊದಲ ದಿನವೇ ಗುರುತು ಹಿಡಿದಿದ್ದಳಂತೆ. “ನಿಮ್ಮ ತಮ್ಮಾರ ಮನಿ ವಾಸ್ತುಶಾಂತಿಯೊಳಗ ನಿಮಗ ಹೋಳಿಗಿ ಬಡಿಸಿದಾಕಿ ನಾನ ರೀ” ಎಂದಳು. “ಅವರ ಅಕ್ಕಾರಿಗೆ ಅವರ ಹೆಸರು ಹೆಂಗ ಹೇಳಲಿ? ಹೇಳಿದ್ರ ನೀವು ನಂಬತಿದ್ರೇನು?” ಈ ಸಾಲು ಓದುವಾಗ ಹೆಗಲು ಮುಟ್ಟಿ ನೋಡಿಕೊಳ್ಳಬೇಡ, ಕುಳಿತು ಓದು.

ಅವಳು ಹೇಳಿದ್ದು ಖರೆ, ನಾನು ನಂಬಲಿಲ್ಲ. ಅವಳನ್ನೇ ಸುಳ್ಳಿ ಎಂದೆ. ನೀನು ಆ ಮನೆಯನ್ನು ಕೊಂಡಾಗ ಹಳೆಯ ಮಾಲೀಕರು ಕೇಳಿದ್ದು ಒಂದೇ ಮಾತು. ಅವರಲ್ಲಿ ಮನೆಮಗಳಂತೆ ದುಡಿದು ವಿಧವೆಯಾದ ಇದೇ ತ್ರಿಶಲಾಬಾಯಿ ಬದುಕಿರುವ ತನಕ ಹಿತ್ತಲ ಖೋಲಿ ಅವಳದು. ವಾಸ್ತುಶಾಂತಿಯ ದಿನ ಪಂಕ್ತಿಯಲ್ಲಿ ಕುಳಿತ ಎಲ್ಲರೆದುರು ನೀನು “ನಮ್ಮವ್ವ ಇದ್ದಂಗ ಇರತಾಳ” ಎಂದೆ. ನನ್ನ ಪಕ್ಕದಲ್ಲಿದ್ದವರು “ಎಂಥಾ ತಮ್ಮನ್ನ ಪಡದೀರಿ” ಎಂದಾಗ ನಾನು ಹೋಳಿಗೆ ಇನ್ನೊಂದು ಹಾಕಿಸಿಕೊಂಡೆ. ಬಡಿಸಿದ ಕೈ ಅವಳದೇ ಆಗಿತ್ತಂತೆ. ಅಂಥ ತಮ್ಮ ಮುದುಕಿಯನ್ನು ಹೊರಗೆ ಹಾಕುತ್ತಾನೆಯೇ? ಬಾವಿಕಟ್ಟೆಯ ಮೇಲೆ ಕುಳಿತು ಮತ್ತೆ ಕೇಳಿದೆ, ಹಾಗಾದರೆ ಅವನೇ ನಿನ್ನನ್ನು ಹೊರಗೆ ಹಾಕಿದನೇ ಎಂದು. ತ್ರಿಶಲಾಬಾಯಿ ಆಗಲೂ ಅದನ್ನೇ ಅಂದಳು. “ಯಾರೂ ಹಾಕಿಲ್ಲ ರೀ. ಹ್ವಾದ ವರ್ಷ ಮಳಿಗಾಲದ ಮುಂದ, ಹಳೇ ಹೆಂಚ ಸೋರತಾವ, ಹೊಸಾವ ಹಾಕಸ್ತೇನಿ ಅಂದ್ರು. ಹೆಂಚ ತಗದ್ರು, ಅಷ್ಟ. ಹಾಕಲಿಲ್ಲ.”

ನಾನು ಖಾನಾಪುರಕ್ಕೆ ಬಂದಿದ್ದೆ, ತಮ್ಮಾ. ಶುಕ್ರವಾರ ಮಧ್ಯಾಹ್ನ. ನಿನ್ನ ಸ್ಕೂಟರು ಬಾಗಿಲಲ್ಲೇ ಇತ್ತು, ಒಳಗೆ ನೀನು ಕೆಮ್ಮುವುದೂ ಕೇಳಿಸಿತು. ಒಳಗೆ ಬರಲಿಲ್ಲ, ಬಾಜುವಿನ ಸಂದಿಯಿಂದ ಹಿತ್ತಲಿಗೆ ಹೋದೆ. ಅವಳು ಸುಳ್ಳು ಹೇಳಿದ್ದಾಳೆ ಎಂದು ತಿಳಿದರೆ ಸಾಕು, ಮುಂದಿನ ಬಸ್ಸಿಗೇ ತಿರುಗಿ ಹೋಗುತ್ತೇನೆಂದು ದಾರಿಯುದ್ದಕ್ಕೂ ಣಮೋಕಾರ ಹೇಳಿಕೊಂಡು ಬಂದಿದ್ದೆ. ನಾಲ್ಕು ಗೋಡೆ ನಿಂತಿವೆ, ಮೇಲೆ ಬಯಲು. ಕಿಂಡಿಯಲ್ಲಿ ಇಣುಕಿದರೆ ಒಲೆಯ ಮೂಲೆಯಲ್ಲಿ ಹುಲ್ಲು ಬೆಳೆದು ಒಣಗಿದೆ. ನಿನ್ನ ಅಂಗಳದಲ್ಲಿ ಹೊಸ ಹೆಂಚುಗಳ ಒಟ್ಟಿಲು, ಮೇಲೆ ತಾಡಪತ್ರಿ ಹೊದಿಸಿ ಕಲ್ಲು ಹೇರಿದ್ದೀಯ, ಹೆಂಚು ತೋಯಬಾರದೆಂದು! ಬೇಲಿಯಾಚೆಯ ಸಾತವ್ವ ನನ್ನನ್ನು ಯಾರೋ ಜಾಗ ನೋಡಲು ಬಂದವಳೆಂದು ತಿಳಿದು ಎಲ್ಲ ಹೇಳಿದಳು. “ಸೇಠರು ಗೋದಾಮ ಕಟ್ಟಸ್ತಾರಂತ ರೀ. ಬಾವಿಗೂ ಕಲ್ಲು ಮಣ್ಣು ಹಾಕಿ ಅರ್ಧಾ ತುಂಬಸ್ಯಾರ. ಪಾಪ, ಮಳಿ ಹಿಡದಾಗ ಆ ಆಜಿ ಛತ್ರಿ ಹಿಡಕೊಂಡು ಒಲಿ ಮುಂದ ಕುಂತಿರತಿದ್ಲು. ಮನಿ ಒಳಗ ಛತ್ರಿ ಹಿಡಕೊಂಡು ಕುಂತಾರನ್ನ ನಾ ನೋಡಿದ್ದು ಅದ ಮೊದಲ.”

ಅಷ್ಟಾದ ಮೇಲೆ ತ್ರಿಶಲಾಬಾಯಿ ಅಲ್ಲಿಯ ಬಸದಿಯ ಪಡಸಾಲೆಯಲ್ಲಿ ಕೆಲವು ದಿನ ಇದ್ದಳಂತೆ, ಸೇಠರು ರಿಪೇರಿ ಮಾಡಿಸುತ್ತಿದ್ದಾರೆಂದು ಕೇಳಿದವರಿಗೆಲ್ಲ ಹೇಳುತ್ತ. ಕೊಲ್ಲಾಪುರದ ತಮ್ಮ ತೀರಿಹೋಗಿ ಎಷ್ಟೋ ವರ್ಷಗಳಾಗಿವೆ. ಬೆಳಗಾವಿಗೆ ಬಂದು ಒಂದು ಮನೆಯಲ್ಲಿ ಅಡಿಗೆಗೆ ನಿಂತಳು, ಆ ಮನೆಯವರು ಪುಣೆಗೆ ಹೋದರು, ಇವಳಿಗೆ ಅಂಗಡಿಕಟ್ಟೆ ಉಳಿಯಿತು. ತಿರುಗಿ ಬರುವ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಕಂಡಕ್ಟರನು ಯಾರಾದರೂ ತೀರಿಕೊಂಡರೇ ಎಂದು ಕೇಳಿದ. ಮನೆಯ ದೀಪವೆಂದು ಮುತ್ತಿಟ್ಟರೆ ಮೀಸೆ ಸುಡದೆ ಇರುತ್ತದೆಯೇ ಎಂದು ಅವ್ವ ಹೇಳುತ್ತಿದ್ದಳು, ನನಗೆ ಮೀಸೆಯಿಲ್ಲವೆಂದು ನಾನು ನಗುತ್ತಿದ್ದೆ. ರಾಯಪ್ಪನನ್ನು ಸಂಶಯಿಸಿದೆ, ಕಾಂಟ್ರಾಕ್ಟರನನ್ನು ಸಂಶಯಿಸಿದೆ, ಸುನಂದಾಳ ಫೋನನ್ನು ಸಂಶಯಿಸಿದೆ, ಹಾಲಿನವನ ಹಾಲನ್ನು ಮೂವತ್ತು ವರ್ಷದಿಂದ ಸಂಶಯಿಸುತ್ತಿದ್ದೇನೆ. ನಿನ್ನೊಬ್ಬನ ಮಾತನ್ನು ಮಾತ್ರ ಎರಡನೆಯ ಸಲ ಕೇಳದೆ ನಂಬಿದೆ. ಅದರಿಂದ ನನಗೆ ಬಹಳ ನೋವಾಗಿದೆ, ಜಿನಪಾಲ. ನೀನು ಕೆಟ್ಟವನೆಂದು ಈಗಲೂ ನನ್ನ ಬಾಯಿಂದ ಬರುವುದಿಲ್ಲ. ಇವತ್ತು ಹಾಕಿಸೋಣ, ನಾಳೆ ಹಾಕಿಸೋಣ ಎಂದು ತಡ ಮಾಡಿದೆ, ಅಷ್ಟರಲ್ಲಿ ಅವಳೇ ಹೋದಳು, ಹೋದದ್ದು ನಿನಗೆ ಅನುಕೂಲವೂ ಆಯಿತು, ಹೀಗೇ ಇರಬೇಕು. ಹೀಗಲ್ಲದಿದ್ದರೆ ನನಗೆ ಬರೆಯಬೇಡ.

ಶಾಲೆಯ ಖೋಲಿಗೆ ಸುಣ್ಣ ಹಚ್ಚಲು ಶುರು ಮಾಡಿದ್ದಾರೆ. ಅದಕ್ಕೆ ತ್ರಿಶಲಾಬಾಯಿಯನ್ನು ಸದ್ಯಕ್ಕೆ ನಮ್ಮ ಮನೆಗೆ ಕರೆತಂದಿದ್ದೇನೆ. ಇಲ್ಲೇ ಇದ್ದುಬಿಡು ಎಂದು ನಿನ್ನ ಭಾವನೂ ಹೇಳಿದರು. ಅವಳು ಕೈಮುಗಿದು ಬೇಡವೆಂದಳು. “ನಿಮ್ಮ ಮನ್ಯಾಗ ನಾ ಬಂದು ಹೋಗೂ ಪಾವಣಿ ರೀ, ಎಷ್ಟು ದಿನಾ ಇದ್ರೂ ಪಾವಣಿನ. ಅಲ್ಲಿ ಖೋಲಿ ಕೀಲಿ ನನ್ನ ಹತ್ರ ಐತಿ” ಎಂದು ಸೊಂಟದ ಗಂಟು ಬಿಚ್ಚಿ ತೋರಿಸಿದಳು. ಛಾವಣಿಯಿಲ್ಲದ ಖೋಲಿಗೆ ಕೀಲಿ ಹಾಕಿಕೊಂಡು ಬಂದಿದ್ದಾಳೆ. ಬೆಳಿಗ್ಗೆ ನಮ್ಮ ನಲ್ಲಿಯ ನೀರು ಸೋಸಿ, ತಂಬಿಗೆ ಹಿಡಿದು, ಇದನ್ನು ಎಲ್ಲಿ ತಿರುಗಿ ಬಿಡಲಿ ಎಂದು ನನ್ನನ್ನು ಕೇಳುತ್ತಾಳೆ. ನಾನು ಏನು ಹೇಳಲಿ? ನಲ್ಲಿಗೆ ಬಾವಿ ಎಲ್ಲಿಂದ ತರಲಿ?

ಸುನಂದಾಳಿಗೆ ಆಶೀರ್ವಾದ. ಇದನ್ನು ಅವಳಿಗೂ ಓದಿ ಹೇಳು, ಅವಳು ಹೇಗೂ ಓದುತ್ತಾಳೆ. ಕುನಾಲ ಇನ್ನೂ ಚೆನ್ನಾಗಿ ಓದಲಿ, ಅಪ್ಪ ಎಲ್ಲರೆದುರು ಕೊಟ್ಟ ಮಾತು ಏನಾಯಿತೆಂದು ಕೇಳುವ ವಯಸ್ಸು ಅವನಿಗೆ ಬರುತ್ತಿದೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಭಗವಂತರು ನಿನಗೆ ಒಳ್ಳೆಯ ಬುದ್ಧಿ, ಹೆಂಚು ಹಾಕುವ ಒಳ್ಳೆಯ ಗೌಂಡಿ ಎರಡನ್ನೂ ಕೊಡಲಿ.

ನಿನ್ನ ಅಕ್ಕ,
ಶಾಂತಾಬಾಯಿ

ತಾ.ಕ.: ಟಪಾಲಿನ ಡಬ್ಬಿ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಬಸದಿಯಲ್ಲಿ ಪೂಜೆಯಾದ ಮೇಲೆ ಮಂಡಳದ ಸಭೆ ಇತ್ತು. ನಾನು ಎದ್ದು ನಿಂತು, ನನ್ನ ತಮ್ಮ ಖಾನಾಪುರದ ಜಿನಪಾಲ ತ್ರಿಶಲಾಬಾಯಿಯ ಖೋಲಿಗೆ ಹೊಸ ಹೆಂಚು ಹಾಕಿಸಿ, ಬಾವಿಯನ್ನೂ ಸ್ವಚ್ಛ ಮಾಡಿಸಿ, ಮಳೆಗೆ ಮೊದಲು ಅವಳನ್ನು ಮನೆಗೆ ಕರೆಸಿಕೊಳ್ಳುತ್ತಿದ್ದಾನೆ ಎಂದು ಹೇಳಿಬಿಟ್ಟೆ. ಹಿಂದಿನದೇನನ್ನೂ ಹೇಳಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿನ್ನ ಮಾವನವರೂ ಅಲ್ಲೇ ಇದ್ದರು, ಕಣ್ಣು ಒರೆಸಿಕೊಂಡರು. ಬರುವ ತಿಂಗಳ ಮೊದಲ ಭಾನುವಾರ ಪ್ರಮಿಳಾ ಟೀಚರು ಮಂಡಳದವರನ್ನೆಲ್ಲ ಕರೆದುಕೊಂಡು ನಿನಗೆ ಶಾಲು ಹೊದಿಸಲು ಖಾನಾಪುರಕ್ಕೆ ಬರುತ್ತಾರೆ. ಹೊತ್ತು ಮುಳುಗುವ ಮೊದಲು ಊಟದ ವ್ಯವಸ್ಥೆ ಮಾಡು. ತ್ರಿಶಲಾಬಾಯಿ ತನ್ನ ಹಗ್ಗ, ತಂಬಿಗೆ ತೆಗೆದುಕೊಂಡೇ ಬರುತ್ತಾಳೆ. ಆ ಬಾವಿಗೆ ಎಷ್ಟು ಹಗ್ಗ ಇಳಿಯಬೇಕೆಂದು ಅವಳಿಗೆ ಗೊತ್ತು, ಕಲ್ಲು ತೆಗೆಯುವುದನ್ನು ಅರ್ಧಕ್ಕೇ ಬಿಟ್ಟಿದ್ದರೆ ಎಲ್ಲರೆದುರು ಹಗ್ಗವೇ ಹೇಳುತ್ತದೆ. ಸಭೆಯಲ್ಲಿ ಯಾರೋ ಅವಳನ್ನೂ ಕೇಳಿದರು, ಇಷ್ಟು ದಿನ ಹೊರಗೆ ಯಾಕಿದ್ದಿರಿ, ಯಾರಾದರೂ ಹೊರಗೆ ಹಾಕಿದ್ದರೇ ಎಂದು. ಅವಳು ಎಂದಿನಂತೆ ನೆಲ ನೋಡುತ್ತ “ಯಾರೂ ಹಾಕಿಲ್ಲ ರೀ” ಎಂದಳು. ಬಸದಿಯೊಳಗೆ ಆಡಿದ ಮಾತು, ಜಿನಪಾಲ. ಅದು ಸುಳ್ಳಾಗದಂತೆ ನೋಡಿಕೋ.